ಅಂಗೈ ಮೇಲಿನ ಎಂಜಿನ್: ಅಂದ ಮೊದಲೋ, ಓಟ ಮೊದಲೋ?

ಯಾದಗಿರಿ: ಹದಿನೈದು ವರ್ಷಗಳ ಹಿಂದೆ ಇಲ್ಲಿನ ರೈಲು ನಿಲ್ದಾಣದಲ್ಲಿ ರಾತ್ರಿ ಗಾಡಿಗಾಗಿ ಕಾದು ಕುಳಿತವರಿಗೆ ಒಂದು ಸದ್ದು ಇನ್ನೂ ನೆನಪಿರಬಹುದು. ಗಾಡಿ ಕಣ್ಣಿಗೆ ಬೀಳುವ ಮೊದಲೇ ದೂರದಿಂದ ಗುಡುಗಿನಂತಹ ಮೊರೆತ ಕೇಳಿಬರುತ್ತಿತ್ತು. ಡೀಸೆಲ್ ಎಂಜಿನ್ ಪ್ಲಾಟ್‌ಫಾರಂಗೆ ಬಂದು ನಿಂತ ಮೇಲೂ ಎದೆಯೊಳಗೆ ತಾಕುವಂತೆ ಧಗಧಗ ಎನ್ನುತ್ತಲೇ ಇರುತ್ತಿತ್ತು. ಹೊರಡುವಾಗ ಕಪ್ಪು ಹೊಗೆ, ಅದರ ಜೊತೆಗೆ ಸಿಳ್ಳೆಯಂತಹ ಏರುದನಿ.

ಇಂದು ಆ ಸದ್ದು ಇಲ್ಲಿ ಅಪರೂಪ. ಮುಂಬೈ–ಚೆನ್ನೈ ಮುಖ್ಯ ಮಾರ್ಗ ಪೂರ್ಣವಾಗಿ ವಿದ್ಯುದೀಕರಣಗೊಂಡಿದೆ. ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್‌ಗಳು ವಿದ್ಯುತ್ ಎಂಜಿನ್‌ಗಳ ಹಿಂದೆ ಬಂದು ಹೋಗುತ್ತವೆ. ಪ್ರತ್ಯೇಕ ಎಂಜಿನ್ನೇ ಇಲ್ಲದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಕೂಡ 2024ರ ಮಾರ್ಚ್‌ನಿಂದ ಇದೇ ಮಾರ್ಗದಲ್ಲಿ ಓಡುತ್ತಿದೆ. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆಯ ಹಳಿಗಳು ರಾಯಚೂರಿನಲ್ಲಿ ಕೂಡಿದ ದಿನದಿಂದ ಈ ಮಾರ್ಗ ಉಗಿ, ಡೀಸೆಲ್, ವಿದ್ಯುತ್ ಎಂಬ ಮೂರು ಯುಗಗಳನ್ನು ಕಂಡಿದೆ. ಮೊದಲ ಎರಡು ಯುಗಗಳ ಎಂಜಿನ್‌ಗಳನ್ನು ಮತ್ತೆ ನೋಡಬೇಕೆಂದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಅವು ಬಣ್ಣ ಬಳಿಸಿಕೊಂಡು ಮೌನವಾಗಿ ನಿಂತಿರುತ್ತವೆ.

ಅವುಗಳನ್ನು ಓಡುತ್ತಿರುವಂತೆ, ಸದ್ದು ಮಾಡುತ್ತಿರುವಂತೆ ಮನೆಯೊಳಗೆ ಉಳಿಸಿಕೊಳ್ಳುವ ಒಂದು ದಾರಿ ಮಾದರಿ ರೈಲು. ಇದು ದುಬಾರಿ ಹವ್ಯಾಸ. ಸದ್ದು ಸಹಿತ ಒಂದು ಒಳ್ಳೆಯ ಮಾದರಿ ಎಂಜಿನ್ ವಿದೇಶದಿಂದ ತರಿಸಿದರೆ ಸುಂಕ ಸೇರಿ ಇಪ್ಪತ್ತು–ಮೂವತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಅಷ್ಟು ಹಣ ತೆತ್ತು ತಂದ ಎಂಜಿನ್ ಮೊದಲ ವಾರವೇ ಮುಗ್ಗರಿಸತೊಡಗಿ ಕಪಾಟು ಸೇರುವ ಪ್ರಸಂಗಗಳೂ ಕಡಿಮೆಯಿಲ್ಲ. ಬಹುತೇಕರು ಫೋಟೊ ನೋಡಿ ಕೊಳ್ಳುತ್ತಾರೆ. ಫೋಟೊದಲ್ಲಿ ಅಂದ ಕಾಣುತ್ತದೆ, ಓಟ ಕಾಣುವುದಿಲ್ಲ. ಹಾಗಾದರೆ ಎರಡು ಮಾದರಿಗಳನ್ನು ಮುಂದಿಟ್ಟುಕೊಂಡು ಯಾವುದು ಮೇಲು ಎಂದು ನಿರ್ಧರಿಸುವುದು ಹೇಗೆ? ವಿವರ, ಸದ್ದು, ಓಟ ಎಂಬ ಮೂರು ಅಳತೆಗೋಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ

ಮಾದರಿ ರೈಲಿನಲ್ಲಿ ‘ಸ್ಕೇಲ್’ ಎಂದರೆ ನಿಜವಾದ ವಸ್ತುವನ್ನು ಎಷ್ಟು ಪಾಲು ಕುಗ್ಗಿಸಲಾಗಿದೆ ಎಂಬ ಲೆಕ್ಕ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಒ’. ಅದರಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಬ್ರಿಟನ್ನಿನಲ್ಲಿ 76ರಲ್ಲಿ ಒಂದು ಪಾಲಿನ ‘ಒಒ’ ಜನಪ್ರಿಯ. ಜಾಗ ಕಡಿಮೆ ಇರುವವರು 160ರಲ್ಲಿ ಒಂದು ಪಾಲಿನ ‘ಎನ್’ ಸ್ಕೇಲನ್ನು ಆರಿಸಿಕೊಳ್ಳುತ್ತಾರೆ.

ನಮ್ಮ ಡಬ್ಲ್ಯುಡಿಎಂ–2 ಡೀಸೆಲ್ ಎಂಜಿನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೆಸರಿನಲ್ಲಿರುವ ‘ಡಬ್ಲ್ಯು’ ಬ್ರಾಡ್‌ಗೇಜನ್ನೂ, ‘ಡಿ’ ಡೀಸೆಲನ್ನೂ, ‘ಎಂ’ ಪ್ರಯಾಣಿಕರ ಗಾಡಿ ಹಾಗೂ ಗೂಡ್ಸ್ ಎರಡಕ್ಕೂ ಸಲ್ಲುವ ಮಿಶ್ರ ಬಳಕೆಯನ್ನೂ ಸೂಚಿಸುತ್ತದೆ. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಈ ಎಂಜಿನ್ 1962ರಲ್ಲಿ ಭಾರತಕ್ಕೆ ಬಂದಿತು. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ದಶಕಗಳ ಕಾಲ ದೇಶದ ಹಳಿಗಳ ಮೇಲೆ ಅತಿ ಹೆಚ್ಚು ಕಂಡುಬಂದ ಡೀಸೆಲ್ ಎಂಜಿನ್ ಇದೇ. ಅದರ ಉದ್ದ ಸುಮಾರು 17 ಮೀಟರ್. 87ರಿಂದ ಭಾಗಿಸಿದರೆ ಸುಮಾರು 20 ಸೆಂ.ಮೀ., ಅಂದರೆ ಒಂದು ಗೇಣು. ತೂಕ ಸುಮಾರು 113 ಟನ್. ತೂಕವನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಕುಗ್ಗಿಸಬೇಕಾದ್ದರಿಂದ 87ನ್ನು ಮೂರು ಸಲ ಗುಣಿಸಿ ಭಾಗಿಸಬೇಕು. ಬರುವ ಉತ್ತರ ಕೇವಲ 171 ಗ್ರಾಂ.

ಇಲ್ಲೇ ಮೊದಲ ಪಾಠವಿದೆ. 171 ಗ್ರಾಂ ತೂಕದ ಎಂಜಿನ್ ಹಳಿಯನ್ನು ಗಟ್ಟಿಯಾಗಿ ಹಿಡಿಯಲಾರದು. ನಾಲ್ಕಾರು ಡಬ್ಬಿ ಎಳೆಯುವಷ್ಟರಲ್ಲಿ ಗಾಲಿ ಜಾರುತ್ತದೆ. ಆದ್ದರಿಂದ ಒಳ್ಳೆಯ ತಯಾರಕರು ಒಳಗೆ ಲೋಹದ ಚೌಕಟ್ಟನ್ನಿಟ್ಟು ತೂಕವನ್ನು ಎರಡು–ಮೂರು ಪಟ್ಟು ಹೆಚ್ಚಿಸುತ್ತಾರೆ. ಎಲ್ಲವನ್ನೂ ಲೆಕ್ಕದಂತೆಯೇ ಕುಗ್ಗಿಸಿದರೆ ಮಾದರಿ ಓಡುವುದಿಲ್ಲ. ಎಲ್ಲಿ ಲೆಕ್ಕ ಬಿಡಬೇಕು, ಎಲ್ಲಿ ಬಿಡಬಾರದು ಎಂಬ ಆಯ್ಕೆಯೇ ಒಳ್ಳೆಯ ಮಾದರಿಯನ್ನೂ ಸಾಧಾರಣ ಮಾದರಿಯನ್ನೂ ಬೇರ್ಪಡಿಸುತ್ತದೆ.

ವಿವರ: ಶಹಾಪುರದ ಬುದ್ಧ, ಸುರಪುರದ ಕುಂಚ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲು ಹಳಿ ಇನ್ನೂ ತಲುಪಿಲ್ಲ. ಅಲ್ಲಿನವರು ಭೀಮಾ ನದಿ ದಾಟಿ ಯಾದಗಿರಿಗೆ ಬಂದೇ ಗಾಡಿ ಹತ್ತಬೇಕು. ಆದರೆ ಮಾದರಿಯ ವಿವರವನ್ನು ಅಳೆಯುವ ಬಗೆಯನ್ನು ಈ ಎರಡೂ ಊರುಗಳ ಉದಾಹರಣೆಯಿಂದಲೇ ತಿಳಿಸಬಹುದು.

ಶಹಾಪುರದ ‘ಮಲಗಿದ ಬುದ್ಧ’ ಬೆಟ್ಟವನ್ನು ಕಂಡವರಿಗೆ ಗೊತ್ತು. ದೂರದ ಒಂದು ಕೋನದಿಂದ ನೋಡಿದರೆ ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಹತ್ತಿರ ಹೋದರೆ ಬರಿಯ ಬಂಡೆಗಳು. ಅಲ್ಲಿ ಬುದ್ಧನನ್ನು ಕಾಣಿಸುವುದು ಬಂಡೆಗಳ ಹೊರರೇಖೆ. ಮಾದರಿ ಎಂಜಿನ್‌ನಲ್ಲಿಯೂ ಮೊದಲು ನೋಡಬೇಕಾದದ್ದು ಹೊರರೇಖೆಯನ್ನೇ. ಮೇಜಿನ ಮೇಲಿನ ಮಾದರಿಯನ್ನು ನಾವು ಸಾಮಾನ್ಯವಾಗಿ ಎರಡು ಅಡಿ, ಅಂದರೆ ಸುಮಾರು 60 ಸೆಂ.ಮೀ. ದೂರದಿಂದ ನೋಡುತ್ತೇವೆ. 87ರಿಂದ ಗುಣಿಸಿದರೆ ಅದು 52 ಮೀಟರ್‌ಗೆ ಸಮ. ಪ್ಲಾಟ್‌ಫಾರಂನಲ್ಲಿ ಎರಡು ಬೋಗಿಗಳಿಗೂ ಹೆಚ್ಚು ದೂರದಲ್ಲಿ ನಿಂತು ಎಂಜಿನ್ ನೋಡಿದಂತೆ. ಅಷ್ಟು ದೂರದಿಂದ ಒಂದು ಎಂಜಿನ್ನನ್ನು ಮತ್ತೊಂದರಿಂದ ಪ್ರತ್ಯೇಕಿಸುವುದು ಮೂಗಿನ ಎತ್ತರ, ಚಾಲಕನ ಕೋಣೆಯ ಕಿಟಕಿಗಳ ಆಕಾರ, ಛಾವಣಿಯ ಬಾಗು, ಗಾಲಿಗಳ ನಡುವಿನ ಅಂತರ.

ಡಬ್ಲ್ಯುಡಿಎಂ–2ರಲ್ಲಿ ಇದಕ್ಕೆ ಒಂದು ಖಚಿತ ಪರೀಕ್ಷೆ ಇದೆ. ಅದರ ಒಂದೊಂದು ಗಾಲಿ ಚೌಕಟ್ಟಿನಲ್ಲಿಯೂ ಮೂರು ಅಚ್ಚುಗಳು. ಆ ಮೂರರ ನಡುವಿನ ಅಂತರ ಸಮನಾಗಿಲ್ಲ. ಎರಡು ಹತ್ತಿರ, ಒಂದು ದೂರ. ಅಗ್ಗದ ಮಾದರಿಗಳಲ್ಲಿ ಬೇರಾವುದೋ ಎಂಜಿನ್‌ನ ಚೌಕಟ್ಟನ್ನು ಕೆಳಗಿಟ್ಟು ಮೇಲೆ ಭಾರತೀಯ ಮೈಕಟ್ಟನ್ನು ಕೂಡಿಸಿರುತ್ತಾರೆ. ಅಚ್ಚುಗಳು ಸಮಾನ ಅಂತರದಲ್ಲಿದ್ದರೆ ಮೇಲಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅದು ಡಬ್ಲ್ಯುಡಿಎಂ–2 ಎನಿಸದು. ಉಗಿಯುಗದ ಡಬ್ಲ್ಯುಪಿ ಎಂಜಿನ್‌ನಲ್ಲಾದರೆ ಗುಂಡಿನ ತುದಿಯಂತಹ ಮುಂಭಾಗ, ಅದರ ಮೇಲಿನ ನಕ್ಷತ್ರ ಇವೇ ಗುರುತು. ಆ ಬಾಗು ತಪ್ಪಿದರೆ ಮುಖವೇ ತಪ್ಪಿದಂತೆ.

ಹೊರರೇಖೆ ಸರಿಯಿದೆ ಎಂದಾದ ಮೇಲೆ ಕುಸುರಿ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿ ಸೂಕ್ಷ್ಮ ರೇಖೆಗಳಿಗೂ ಚಿನ್ನದ ಕುಸುರಿಗೂ ಹೆಸರಾದದ್ದು. ಅಲ್ಲಿ ಗೆರೆ ಒಂದು ಎಳೆ ದಪ್ಪವಾದರೂ ಆಭರಣದ ನವಿರು ಕೆಡುತ್ತದೆ. ಮಾದರಿಯಲ್ಲಿಯೂ ಹಾಗೆಯೇ. ಎಂಜಿನ್ ಪಕ್ಕದ ಹಿಡಿಕಂಬಿಯನ್ನು 0.7 ಮಿ.ಮೀ. ದಪ್ಪದ ಪ್ಲಾಸ್ಟಿಕ್‌ನಲ್ಲಿ ಮಾಡಿದರೆ ಅದು ನಿಜದಲ್ಲಿ 6 ಸೆಂ.ಮೀ. ದಪ್ಪದ ಕಂಬಿಗೆ ಸಮ. ಅಂತಹ ಕಂಬಿಯನ್ನು ಯಾವ ಚಾಲಕನೂ ಮುಷ್ಟಿಯಲ್ಲಿ ಹಿಡಿದು ಹತ್ತಲಾರ. ಒಳ್ಳೆಯ ಮಾದರಿಗಳಲ್ಲಿ ಇದನ್ನು 0.4 ಮಿ.ಮೀ.ಗಿಂತ ತೆಳುವಾದ ತಂತಿಯಲ್ಲಿ ಮಾಡಿರುತ್ತಾರೆ. ಅಕ್ಷರಗಳು ಓದಲು ಬರುತ್ತವೆಯೇ, ಗಾಳಿಕಿಂಡಿಯ ಜಾಲರಿ ತೂತುಳ್ಳದ್ದೇ ಅಥವಾ ಬರಿಯ ಅಚ್ಚೇ, ಬಣ್ಣದ ಪದರ ರಿವೆಟ್‌ಗಳನ್ನು ಮುಚ್ಚುವಷ್ಟು ದಪ್ಪವಾಗಿದೆಯೇ ಎಂಬುದನ್ನೂ ನೋಡಬೇಕು.

ಭಾರತೀಯ ಮಾದರಿಗಳಿಗೆ ಇನ್ನೊಂದು ವಿಶೇಷ ತೊಡಕಿದೆ. ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪ್, ಅಮೆರಿಕದ 1,435 ಮಿ.ಮೀ. ಗೇಜಿಗೆ ಸರಿಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ತುಸು ಹೆಚ್ಚು. ಹೀಗಾಗಿ ಎಚ್‌ಒ ಹಳಿಯ ಮೇಲೆ ನಿಂತ ಭಾರತೀಯ ಎಂಜಿನ್ ಎದುರಿನಿಂದ ನೋಡಿದಾಗ ಕಾಲುಗಳನ್ನು ಒತ್ತಾಗಿ ಜೋಡಿಸಿ ನಿಂತಂತೆ ಕಾಣುತ್ತದೆ. 16.5 ಮಿ.ಮೀ. ಹಳಿ ನಮ್ಮ ಬ್ರಾಡ್‌ಗೇಜಿಗೆ ಸರಿಹೊಂದಬೇಕಾದರೆ ಮಾದರಿಯನ್ನು ಸುಮಾರು 102ರಲ್ಲಿ ಒಂದು ಪಾಲಿಗೆ ಮಾಡಬೇಕಾಗುತ್ತದೆ. ಆಗ ಬೇರೆ ಎಚ್‌ಒ ಡಬ್ಬಿಗಳ ಪಕ್ಕದಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ. ಬಹುತೇಕ ಹವ್ಯಾಸಿಗಳು ಸಿದ್ಧ ಹಳಿ, ಸಿದ್ಧ ಗಾಲಿ ಸಿಗುತ್ತದೆಂಬ ಕಾರಣಕ್ಕೆ ಈ ಕೊರತೆಯನ್ನು ಒಪ್ಪಿಕೊಂಡಿದ್ದಾರೆ. ಹೋಲಿಕೆ ಮಾಡುವಾಗ ಎರಡೂ ಮಾದರಿಗಳು ಒಂದೇ ಸ್ಕೇಲಿನವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಒಳಿತು.

ಸದ್ದು: ಕಿವಿ ಕೇಳಬೇಕಾದ್ದೇನು?

ಮೊದಲೆಲ್ಲ ಮಾದರಿ ರೈಲಿನ ಹಳಿಯಲ್ಲಿ ಹರಿಯುವ ವಿದ್ಯುತ್ತನ್ನು ಏರಿಳಿಸಿ ವೇಗವನ್ನು ನಿಯಂತ್ರಿಸುತ್ತಿದ್ದರು. 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ‘ಡಿಸಿಸಿ’ ಎಂಬ ಡಿಜಿಟಲ್ ಪದ್ಧತಿಯನ್ನು ಮಾನದಂಡವಾಗಿ ಅಂಗೀಕರಿಸಿತು. ಇದರಲ್ಲಿ ಹಳಿಗೆ ಸದಾ ವಿದ್ಯುತ್ ಇರುತ್ತದೆ. ಅದರ ಜೊತೆಗೇ ಆದೇಶಗಳು ಸಂಕೇತ ರೂಪದಲ್ಲಿ ಹರಿಯುತ್ತವೆ. ಎಂಜಿನ್‌ನೊಳಗಿನ ಹೆಬ್ಬೆರಳ ಉಗುರಿನಷ್ಟು ಚಿಕ್ಕ ‘ಡಿಕೋಡರ್’ ತನಗೆ ಬಂದ ಆದೇಶವನ್ನು ಮಾತ್ರ ಗುರುತಿಸಿ ಮೋಟಾರು, ದೀಪ, ಸದ್ದುಗಳನ್ನು ನಡೆಸುತ್ತದೆ. ಜರ್ಮನಿಯ ಇಎಸ್‌ಯು, ಅಮೆರಿಕದ ಸೌಂಡ್‌ಟ್ರ್ಯಾಕ್ಸ್, ಆಸ್ಟ್ರಿಯಾದ ಜಿಮೊ ಮೊದಲಾದ ಸಂಸ್ಥೆಗಳು ನಿಜವಾದ ಎಂಜಿನ್‌ಗಳ ಸದ್ದನ್ನು ತುಂಬಿದ ಡಿಕೋಡರ್‌ಗಳನ್ನು ತಯಾರಿಸುತ್ತವೆ.

ಸದ್ದನ್ನು ಹೋಲಿಸುವ ಮುನ್ನ ನಿಜವಾದ ಎಂಜಿನ್ ಏಕೆ ಹಾಗೆ ಸದ್ದು ಮಾಡುತ್ತದೆ ಎಂಬುದನ್ನು ತಿಳಿದಿರಬೇಕು.

ಉಗಿ ಎಂಜಿನ್‌ನಲ್ಲಿ ಎರಡು ಸಿಲಿಂಡರ್‌ಗಳಿದ್ದರೆ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಉಗಿ ಹೊರಬೀಳುತ್ತದೆ. ಮಕ್ಕಳು ‘ಛುಕ್ ಛುಕ್’ ಎನ್ನುವುದು ಇದನ್ನೇ. ಡಬ್ಲ್ಯುಪಿ ಎಂಜಿನ್‌ನ ದೊಡ್ಡ ಗಾಲಿಯ ವ್ಯಾಸ ಸುಮಾರು 1.7 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಮೂರು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಹನ್ನೆರಡು ಸದ್ದು. ಮಾದರಿಯನ್ನು ನಿಧಾನವಾಗಿ ಓಡಿಸಿ, ಗಾಲಿಯ ಮೇಲೆ ಕಣ್ಣಿಟ್ಟು ಎಣಿಸಿ. ಒಂದು ಸುತ್ತಿಗೆ ನಾಲ್ಕು ಬಂದರೆ ಸರಿ. ಎರಡೋ ಐದೋ ಬಂದರೆ ಸದ್ದು ಗಾಲಿಯ ಜೊತೆ ಸೇರಿಲ್ಲ ಎಂದರ್ಥ.

ಡೀಸೆಲ್ ಯುಗದಲ್ಲಿ ಎರಡು ಬಗೆಯ ಎಂಜಿನ್‌ಗಳಿವೆ. ಆಲ್ಕೊ ಬಗೆಯದ್ದು 16 ಸಿಲಿಂಡರ್‌ಗಳ ಫೋರ್ ಸ್ಟ್ರೋಕ್ ಯಂತ್ರ. ನಿಂತಾಗ ನಿಮಿಷಕ್ಕೆ ಸುಮಾರು 400 ಸುತ್ತು. ಫೋರ್ ಸ್ಟ್ರೋಕ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಸಿಡಿಯುವುದರಿಂದ ಸೆಕೆಂಡಿಗೆ 53 ಸಿಡಿತ. ಅದೇ ಎದೆಗೆ ತಾಕುವ ಆ ಮಂದ್ರ ದನಿ. ಹೊರಡುವಾಗ ಕೇಳುವ ಸಿಳ್ಳೆ ಅದರ ಟರ್ಬೊಚಾರ್ಜರ್‌ನದ್ದು. 1990ರ ದಶಕದ ಕೊನೆಯಲ್ಲಿ ಬಂದ ಡಬ್ಲ್ಯುಡಿಜಿ–4 ಅಮೆರಿಕದ ಜನರಲ್ ಮೋಟಾರ್ಸ್ ಮೂಲದ್ದು. ಅದು ಟೂ ಸ್ಟ್ರೋಕ್ ಯಂತ್ರ, ಪ್ರತಿ ಸುತ್ತಿಗೂ ಸಿಡಿಯುತ್ತದೆ. ಪೂರ್ಣ ವೇಗವಾದ 904 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 240 ಸಿಡಿತ. ಆದ್ದರಿಂದ ಅದರ ದನಿ ಒಂದೇ ಸಮನೆ ಗುಂಯ್‌ಗುಡುವ ಏರುದನಿ. ಒಂದರ ಸದ್ದನ್ನು ಇನ್ನೊಂದರ ಮಾದರಿಯಲ್ಲಿಟ್ಟರೆ ಬಲ್ಲವರಿಗೆ ತಕ್ಷಣ ತಿಳಿಯುತ್ತದೆ.

ವಿದ್ಯುತ್ ಎಂಜಿನ್‌ಗೆ ಸದ್ದೇ ಇಲ್ಲ ಎಂಬ ನಂಬಿಕೆ ತಪ್ಪು. ಸ್ವಿಟ್ಜರ್ಲೆಂಡ್ ಮೂಲದ ತಂತ್ರಜ್ಞಾನದ ಡಬ್ಲ್ಯುಎಜಿ–9, ಅದರಿಂದ ಬೆಳೆದ ಡಬ್ಲ್ಯುಎಪಿ–7 ಎಂಜಿನ್‌ಗಳ ಹಳೆಯ ತಂಡದವು ಹೊರಡುವಾಗ ಸ್ವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದಂತಹ ದನಿ ಹೊರಡಿಸುತ್ತವೆ. ಮೋಟಾರಿಗೆ ವಿದ್ಯುತ್ತನ್ನು ತುಂಡರಿಸಿ ಕೊಡುವ ಉಪಕರಣದ ದನಿ ಅದು. ಅದರ ಜೊತೆಗೆ ತಂಪುಗಾಳಿ ಊದುವ ಬ್ಲೋವರ್‌ಗಳ ಭೋರ್ಗರೆತ.

ಮಾದರಿಯಲ್ಲಿ ಸದ್ದಿನ ಗುಣ ತಿಳಿಯಲು ಮೂರು ಪರೀಕ್ಷೆ ಸಾಕು. ಮೊದಲನೆಯದು ಹೊರಡುವ ಗಳಿಗೆ. ನಿಜವಾದ ಡೀಸೆಲ್ ಎಂಜಿನ್ ಮೊದಲು ಗುಡುಗುತ್ತದೆ, ಆಮೇಲೆ ಕದಲುತ್ತದೆ. ಸಾವಿರಾರು ಟನ್ ಭಾರ ಹಿಂದಿದೆಯಲ್ಲವೇ? ಸದ್ದೂ ಚಲನೆಯೂ ಏಕಕಾಲಕ್ಕೆ ಆರಂಭವಾದರೆ ಅದು ಆಟಿಕೆಯಂತೆ ಭಾಸವಾಗುತ್ತದೆ. ಎರಡನೆಯದು ವೇಗ ಹಿಡಿದ ಮೇಲಿನ ಸದ್ದು. ಚಾಲಕ ಶಕ್ತಿ ತಗ್ಗಿಸಿದಾಗ ಗಾಡಿ ಅದೇ ವೇಗದಲ್ಲಿ ಸಾಗುತ್ತಿದ್ದರೂ ಯಂತ್ರದ ಸದ್ದು ಇಳಿಯಬೇಕು. ಒಳ್ಳೆಯ ಡಿಕೋಡರ್‌ಗಳಲ್ಲಿ ಇದು ಸಾಧ್ಯ. ಮೂರನೆಯದು ಮಂದ್ರ ದನಿ. ಬೆರಳ ತುದಿಯಷ್ಟು ಚಿಕ್ಕ ಸ್ಪೀಕರ್ ಸೆಕೆಂಡಿಗೆ 53 ಕಂಪನದ ದನಿಯನ್ನು ನಿಜವಾಗಿ ಹೊರಡಿಸಲಾರದು. ಅದರ ಮೇಲಿನ ಸ್ವರಗಳಷ್ಟೇ ಕೇಳಿಬಂದರೂ ನಮ್ಮ ಕಿವಿ ಕೆಳಗಿನ ದನಿಯನ್ನು ಊಹಿಸಿಕೊಳ್ಳುತ್ತದೆ. ಸ್ಪೀಕರನ್ನು ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗೆ ಸರಿಯಾಗಿ ಕೂಡಿಸಿದ್ದರೆ ಈ ಭ್ರಮೆ ನಿಲ್ಲುತ್ತದೆ. ಇಲ್ಲವಾದರೆ ಡಬ್ಬದೊಳಗೆ ದುಂಬಿ ಸಿಕ್ಕಿಕೊಂಡಂತೆ ಕೇಳುತ್ತದೆ.

ಸದ್ದು ಜೋರಾಗಿದ್ದರೆ ಒಳ್ಳೆಯದೆಂಬುದೂ ತಪ್ಪು ತಿಳಿವಳಿಕೆ. 52 ಮೀಟರ್ ದೂರದ ಎಂಜಿನ್ ಹೇಗೆ ಕೇಳಬೇಕೋ ಅಷ್ಟೇ ಕೇಳಬೇಕು. ಪಕ್ಕದ ಕೋಣೆಯಲ್ಲಿ ಓದುತ್ತಿರುವ ಮಕ್ಕಳಿಗೂ ಅದು ಹಿತ.

ಭಾರತೀಯ ಎಂಜಿನ್‌ಗಳ ಸಿದ್ಧ ಸದ್ದು ಸಿಗದಿದ್ದರೂ ನಿರಾಶರಾಗಬೇಕಿಲ್ಲ. ಅಮೆರಿಕದ ಆಲ್ಕೊ 251 ಸರಣಿಯ ಯಂತ್ರದ ಸದ್ದುಗಳು ಡಿಕೋಡರ್‌ಗಳಲ್ಲಿ ಲಭ್ಯ. ನಮ್ಮ ಡಬ್ಲ್ಯುಡಿಎಂ–2ರ ಹೃದಯವೂ ಅದೇ ಕುಟುಂಬದ್ದು. ಡಬ್ಲ್ಯುಡಿಜಿ–4ಕ್ಕೆ ಅಮೆರಿಕದ ಎಸ್‌ಡಿ 70 ಮ್ಯಾಕ್ ಎಂಜಿನ್‌ನ ಸದ್ದು ಹೊಂದುತ್ತದೆ. ಬದಲಿಸಬೇಕಾದದ್ದು ಹಾರ್ನ್ ಮಾತ್ರ. ಹಲವು ಸ್ವರ ಕೂಡಿದ ಅಮೆರಿಕದ ಹಾರ್ನ್ ಮೊಳಗಿಸಿಕೊಂಡು ಯಾದಗಿರಿ ನಿಲ್ದಾಣಕ್ಕೆ ಗಾಡಿ ಬಂದರೆ ನಗು ಬರದೆ ಇರದು.

ಓಟ: ಒಂದು ಮೀಟರ್, ಒಂದು ನಿಮಿಷ

ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಇದೆ. ‘ಬೋಗಿ’ ಎಂದರೆ ಕನ್ನಡದ ಆಡುಮಾತಿನಲ್ಲಿ ಪ್ರಯಾಣಿಕರು ಕೂರುವ ಡಬ್ಬಿ. ಹೀಗಾಗಿ ಅಲ್ಲಿ ಡಬ್ಬಿಗಳು ತಯಾರಾಗುತ್ತವೆ ಎಂದು ತಿಳಿದವರೇ ಹೆಚ್ಚು. ರೈಲ್ವೆ ಪರಿಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ಗಾಲಿಗಳನ್ನು ಹಿಡಿದಿಡುವ ಚೌಕಟ್ಟು. ಕಡೇಚೂರಿನಲ್ಲಿ ತಯಾರಾಗುವುದು ಆ ಚೌಕಟ್ಟು. ಪ್ರಯಾಣಿಕರ ಕಣ್ಣಿಗೆ ಬೀಳದಿದ್ದರೂ ಗಾಡಿಯ ಓಟದ ಹಿತವೆಲ್ಲ ಅದನ್ನೇ ಅವಲಂಬಿಸಿದೆ. ಮಾದರಿಯಲ್ಲಿಯೂ ಓಟವನ್ನು ನಿರ್ಧರಿಸುವ ಭಾಗಗಳು ಕೆಳಗೆ, ಒಳಗೆ ಅಡಗಿರುತ್ತವೆ.

ಓಟದ ಪರೀಕ್ಷೆಗೆ ಬೇಕಾದದ್ದು ಒಂದು ಮೀಟರ್ ನೇರ ಹಳಿ ಮತ್ತು ಒಂದು ಗಡಿಯಾರ. ಎಚ್‌ಒ ಸ್ಕೇಲಿನಲ್ಲಿ ಗಂಟೆಗೆ 60 ಕಿ.ಮೀ. ವೇಗವೆಂದರೆ ಒಂದು ಮೀಟರ್ ದೂರವನ್ನು ಸುಮಾರು 5 ಸೆಕೆಂಡಿನಲ್ಲಿ ಕ್ರಮಿಸಬೇಕು. ಗಂಟೆಗೆ 110 ಕಿ.ಮೀ. ಎಂದರೆ 3 ಸೆಕೆಂಡಿಗೆ ತುಸು ಕಡಿಮೆ. ಯಾರ್ಡಿನಲ್ಲಿ ಡಬ್ಬಿ ಜೋಡಿಸುವಾಗಿನ 5 ಕಿ.ಮೀ. ವೇಗಕ್ಕೆ ಒಂದು ಮೀಟರ್ ದಾಟಲು ಒಂದು ನಿಮಿಷಕ್ಕೂ ತುಸು ಹೆಚ್ಚು ಸಮಯ ಹಿಡಿಯಬೇಕು. ಈ ಕೊನೆಯದೇ ನಿಜವಾದ ಪರೀಕ್ಷೆ. ವೇಗವಾಗಿ ಯಾವ ಆಟಿಕೆಯೂ ಓಡುತ್ತದೆ. ಒಂದು ಮೀಟರನ್ನು ಒಂದು ನಿಮಿಷದಲ್ಲಿ ಎಲ್ಲೂ ಜಗ್ಗದೆ, ನಿಲ್ಲದೆ ತೆವಳುವ ಎಂಜಿನ್ ಮಾತ್ರ ಒಳ್ಳೆಯ ಎಂಜಿನ್. ಮುಂದಕ್ಕೂ ಹಿಂದಕ್ಕೂ ಎರಡೂ ಬಾರಿ ಅಳೆಯಬೇಕು. ಒಂದು ದಿಕ್ಕಿನಲ್ಲಿ ಸರಾಗ, ಇನ್ನೊಂದರಲ್ಲಿ ಕುಂಟು ಎಂಬುದು ಅಗ್ಗದ ಗೇರುಗಳ ಸಾಮಾನ್ಯ ಲಕ್ಷಣ.

ಈ ತೆವಳುವ ಓಟ ಬರುವುದು ನಾಲ್ಕು ಕಾರಣಗಳಿಂದ. ಒಂದು, ವಿದ್ಯುತ್ತನ್ನು ಹೀರುವ ಗಾಲಿಗಳ ಸಂಖ್ಯೆ. ಆರು ಅಚ್ಚಿನ ಎಂಜಿನ್‌ನ ಹನ್ನೆರಡು ಗಾಲಿಗಳೂ ಹಳಿಯಿಂದ ವಿದ್ಯುತ್ ಪಡೆಯುವಂತಿದ್ದರೆ ಒಂದೆರಡು ಗಾಲಿ ಧೂಳಿನ ಮೇಲೆ ನಿಂತರೂ ಓಟ ನಿಲ್ಲುವುದಿಲ್ಲ. ನಾಲ್ಕೇ ಗಾಲಿ ಹೀರುವಂತಿದ್ದರೆ ಹಳಿ ಕವಲೊಡೆಯುವ ಪಾಯಿಂಟ್‌ಗಳ ಮೇಲೆ ಎಂಜಿನ್ ಸತ್ತಂತೆ ನಿಲ್ಲುತ್ತದೆ. ಎರಡು, ಮೋಟಾರಿನ ಅಚ್ಚಿಗೆ ಜೋಡಿಸಿದ ಹಿತ್ತಾಳೆಯ ಫ್ಲೈವೀಲ್. ಕ್ಷಣಕಾಲ ವಿದ್ಯುತ್ ತಪ್ಪಿದರೂ ಅದರ ಆವೇಗ ಎಂಜಿನ್ನನ್ನು ಮುಂದೆ ತಳ್ಳುತ್ತದೆ. ಮೂರು, ಮೋಟಾರಿನ ವೇಗವನ್ನು ಡಿಕೋಡರ್ ಸೆಕೆಂಡಿಗೆ ಹಲವು ಬಾರಿ ಅಳೆದು ಸರಿಪಡಿಸುವ ವ್ಯವಸ್ಥೆ. ನಾಲ್ಕು, ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್. ಇದು ಇದ್ದರೆ ಹಳಿಯ ಕೊಳೆಯಿಂದಾಗಿ ಸದ್ದು ಕಡಿದು ಕಡಿದು ಬರುವುದೂ ತಪ್ಪುತ್ತದೆ.

ಎಳೆಯುವ ಬಲವನ್ನು ಹೆಚ್ಚಿಸಲು ಕೆಲವು ತಯಾರಕರು ಗಾಲಿಗಳಿಗೆ ರಬ್ಬರ್ ಪಟ್ಟಿ ಸುತ್ತುತ್ತಾರೆ. ಏರು ಹತ್ತಲು ಅದರಿಂದ ಅನುಕೂಲ. ಆದರೆ ರಬ್ಬರ್ ಸುತ್ತಿದ ಗಾಲಿ ವಿದ್ಯುತ್ ಹೀರದು. ನಮ್ಮ ಕಡೆಯ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಅದು ಬಿರುಕು ಬಿಡುತ್ತದೆ. ಬದಲಿ ಪಟ್ಟಿ ಸಿಗುವುದೇ ಎಂದು ಮೊದಲೇ ವಿಚಾರಿಸುವುದು ಲೇಸು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿ, ರಾಯಚೂರು, ಕಲಬುರಗಿಯಂತಹ ಊರುಗಳಲ್ಲಿ ಇನ್ನೂ ಕೆಲವು ಎಚ್ಚರಿಕೆ ಅಗತ್ಯ. ಹಳಿಗಳ ಜೋಡಣೆಯಲ್ಲಿ ಕೂದಲೆಳೆಯಷ್ಟು ಅಂತರ ಬಿಡದಿದ್ದರೆ ಮಧ್ಯಾಹ್ನದ ಶಾಖಕ್ಕೆ ಹಳಿ ಉಬ್ಬಿ ಎಂಜಿನ್ ಹಳಿ ತಪ್ಪುತ್ತದೆ. ತ್ರಿಡಿ ಮುದ್ರಣದಲ್ಲಿ ಮಾಡಿದ ಮೈಕಟ್ಟುಗಳಲ್ಲಿ ಕೆಲವು ಬಗೆಯ ಪ್ಲಾಸ್ಟಿಕ್ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗುವುದುಂಟು. ಧೂಳು ಎಲ್ಲಕ್ಕಿಂತ ದೊಡ್ಡ ಶತ್ರು. ವಾರಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಹಳಿಯನ್ನೂ ಗಾಲಿಯನ್ನೂ ಒರೆಸದಿದ್ದರೆ ಎಷ್ಟು ದುಬಾರಿಯ ಎಂಜಿನ್ ಆದರೂ ಮುಗ್ಗರಿಸುತ್ತದೆ.

ಮೂರರ ನಡುವಿನ ಜಗಳ

ವಿವರ, ಸದ್ದು, ಓಟ ಮೂರೂ ಒಂದೇ ಮಾದರಿಯಲ್ಲಿ ಪೂರ್ಣವಾಗಿ ಸಿಗುವುದು ಕಷ್ಟ. ಅವು ಪರಸ್ಪರ ಜಗಳವಾಡುತ್ತವೆ. ಭಾರತದ ಬ್ರಾಡ್‌ಗೇಜ್‌ನಲ್ಲಿ ಅನುಮತಿಯಿರುವ ಅತಿ ತೀವ್ರ ತಿರುವಿನ ತ್ರಿಜ್ಯ 175 ಮೀಟರ್. ಎಚ್‌ಒದಲ್ಲಿ ಅದು 2 ಮೀಟರ್. ಅಂತಹ ಒಂದು ಪೂರ್ಣ ಸುತ್ತಿಗೆ ನಾಲ್ಕು ಮೀಟರ್ ಅಗಲದ ಕೋಣೆ ಬೇಕು. ಬಹುತೇಕರ ಮನೆಯಲ್ಲಿ ಹಾಸುವುದು 18 ಅಂಗುಲ ತ್ರಿಜ್ಯದ ತಿರುವು, ಅಂದರೆ ನಿಜದಲ್ಲಿ ಕೇವಲ 40 ಮೀಟರ್. ಅಷ್ಟು ತೀವ್ರವಾಗಿ ತಿರುಗಲು ಗಾಲಿ ಚೌಕಟ್ಟು ಅತ್ತಿತ್ತ ವಾಲಬೇಕು. ಅದಕ್ಕೆ ದಾರಿ ಬಿಡಲು ಕೊಳವೆ, ಮೆಟ್ಟಿಲು, ಹಳಿ ಮೇಲಿನ ಅಡಚಣೆ ತಳ್ಳುವ ತಗಡು ಇವನ್ನೆಲ್ಲ ಕತ್ತರಿಸಬೇಕಾಗುತ್ತದೆ. ಸ್ಪೀಕರ್‌ಗೆ ಜಾಗ ಮಾಡಲು ಲೋಹದ ತೂಕ ಕಡಿಮೆ ಮಾಡಬೇಕು. ಆಗ ಎಳೆಯುವ ಬಲ ತಗ್ಗುತ್ತದೆ. ಗಾಲಿಯ ಅಂಚನ್ನು ಲೆಕ್ಕದಷ್ಟೇ ತೆಳುವಾಗಿಟ್ಟರೆ ನೋಡಲು ಚೆಂದ, ಆದರೆ ಹಳಿ ತಪ್ಪುವ ಭಯ. ಅದಕ್ಕೇ ಮಾದರಿಗಳಲ್ಲಿ ಅಂಚು ನಿಜಕ್ಕಿಂತ ಸುಮಾರು ಎರಡು ಪಟ್ಟು ಎತ್ತರ.

ಆದ್ದರಿಂದ ಕೊಳ್ಳುವವರು ಒಂದು ಸರಳ ಅಂಕಪಟ್ಟಿ ಇಟ್ಟುಕೊಳ್ಳಬಹುದು. ನೂರರಲ್ಲಿ ಓಟಕ್ಕೆ ಐವತ್ತು, ಸದ್ದಿಗೆ ಇಪ್ಪತ್ತೈದು, ವಿವರಕ್ಕೆ ಇಪ್ಪತ್ತೈದು. ಓಟಕ್ಕೆ ಅರ್ಧ ಪಾಲು ಏಕೆ? ಮುರಿದ ಹಿಡಿಕಂಬಿಯ ಜಾಗದಲ್ಲಿ ತೆಳು ತಂತಿ ಅಂಟಿಸಬಹುದು. ಬಣ್ಣ ಮತ್ತೆ ಬಳಿಯಬಹುದು. ಸದ್ದಿಲ್ಲದ ಎಂಜಿನ್‌ಗೆ ಮುಂದೊಂದು ದಿನ ಕೈಯಲ್ಲಿ ಹಣವಾದಾಗ ಡಿಕೋಡರ್ ಕೂಡಿಸಬಹುದು. ಇಂದಿನ ಮಾದರಿಗಳಲ್ಲಿ ಅದಕ್ಕೆಂದೇ ಸಾಕೆಟ್ ಇರುತ್ತದೆ. ಆದರೆ ಗೇರು, ಮೋಟಾರು, ಗಾಲಿ ಚೌಕಟ್ಟು ಕೆಟ್ಟದ್ದಾದರೆ ಮನೆಯಲ್ಲಿ ಸರಿಪಡಿಸುವುದು ಬಹುತೇಕರಿಗೆ ಆಗದ ಕೆಲಸ. ಒಳ್ಳೆಯ ಓಟವಿರುವ, ಸದ್ದಿಲ್ಲದ, ಸಾಧಾರಣ ಅಂದದ ಎಂಜಿನ್ ಕೊಂಡವರು ಮುಂದೆ ಹೆಜ್ಜೆ ಹೆಜ್ಜೆಗೆ ಅದನ್ನು ಮೇಲೇರಿಸಬಹುದು.

ದೊಡ್ಡ ವಿದೇಶಿ ತಯಾರಕರ ಪಟ್ಟಿಯಲ್ಲಿ ಭಾರತೀಯ ಎಂಜಿನ್‌ಗಳು ವಿರಳವಾದ್ದರಿಂದ ನಮ್ಮ ಹವ್ಯಾಸಿಗಳು ಹಿಡಿದಿರುವ ದಾರಿಯೂ ಇದೇ. ಚೆನ್ನಾಗಿ ಓಡುವ ವಿದೇಶಿ ಎಂಜಿನ್‌ನ ಚೌಕಟ್ಟನ್ನು ಉಳಿಸಿಕೊಂಡು, ಪ್ಲಾಸ್ಟಿಕ್ ಹಾಳೆ ಕತ್ತರಿಸಿಯೋ ತ್ರಿಡಿ ಮುದ್ರಣದಿಂದಲೋ ಭಾರತೀಯ ಮೈಕಟ್ಟನ್ನು ಮೇಲೆ ಕೂಡಿಸುತ್ತಾರೆ. ಕೊಳ್ಳುವಾಗ ಒಂದು ಎಚ್ಚರ: ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯ ಎಚ್‌ಒ ಎಂಜಿನ್‌ಗಳು ಹಳಿಯ ನಡುವಿನಿಂದಲೂ ವಿದ್ಯುತ್ ಪಡೆಯುವ ಬೇರೆಯೇ ಪದ್ಧತಿಯವು. ಅವು ಬೇರೆ ಸಂಸ್ಥೆಗಳ ಎರಡು ಹಳಿಯ ವ್ಯವಸ್ಥೆಯಲ್ಲಿ ನೇರವಾಗಿ ಓಡುವುದಿಲ್ಲ.

ಎಲ್ಲಿ ನೋಡಬಹುದು?

ಕೊಳ್ಳುವ ಮುನ್ನ ಓಡುವ ಮಾದರಿಗಳನ್ನು ಕಣ್ಣಾರೆ ಕಾಣುವುದು ಉತ್ತಮ. ಪುಣೆಯ ಕೋಥರೂಡ್‌ನಲ್ಲಿರುವ ಜೋಶಿ ಕಿರು ರೈಲ್ವೆ ಸಂಗ್ರಹಾಲಯ 1998ರಿಂದ ಸಾರ್ವಜನಿಕರಿಗೆ ತೆರೆದಿದೆ. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರವಾಗಿ ಪುಣೆ ತಲುಪಬಹುದು. ನಿಜವಾದ ಎಂಜಿನ್‌ಗಳ ಅಳತೆ, ಆಕಾರಗಳನ್ನು ಹತ್ತಿರದಿಂದ ನೋಡಲು 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. 2020ರಲ್ಲಿ ಆರಂಭವಾದ ಹುಬ್ಬಳ್ಳಿಯ ಸಂಗ್ರಹಾಲಯವೂ ಇದೆ.

ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ಕಾರ್ಖಾನೆ 2020ರಲ್ಲಿ ತನ್ನ ಹೆಸರಿನಿಂದ ‘ಡೀಸೆಲ್’ ಪದವನ್ನು ಕೈಬಿಟ್ಟು ಬನಾರಸ್ ಲೋಕೋಮೋಟಿವ್ ಕಾರ್ಖಾನೆಯಾಯಿತು. ಉಳಿದಿರುವ ಆಲ್ಕೊ ಎಂಜಿನ್‌ಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಮೈಕಟ್ಟಿನ ಅಳತೆಗಳು ಕಾಗದದ ಮೇಲೆ ಉಳಿಯುತ್ತವೆ, ಸದ್ದು ಹಾಗಲ್ಲ. ಎಲ್ಲಾದರೂ ಒಂದು ಹಳೆಯ ಡೀಸೆಲ್ ಎಂಜಿನ್ ನಿಂತಿರುವುದು ಕಂಡರೆ, ಅನುಮತಿಯಿರುವ ಜಾಗದಲ್ಲಿ ನಿಂತು ಅದು ಹೊರಡುವ ಸದ್ದನ್ನು ಧ್ವನಿಮುದ್ರಿಸಿಕೊಳ್ಳಬಹುದು. ಅದಕ್ಕಾಗಿ ಹಳಿಗೆ ಇಳಿಯುವುದು ಮಾತ್ರ ಬೇಡ. ರೈಲ್ವೆ ಆವರಣದಲ್ಲಿ ಅಕ್ರಮ ಪ್ರವೇಶ 1989ರ ರೈಲ್ವೆ ಕಾಯ್ದೆಯಡಿ ಅಪರಾಧ, ಜೀವಕ್ಕೂ ಅಪಾಯ.

ಇಂದು ಶಹಾಪುರದಿಂದಲೋ ಸುರಪುರದಿಂದಲೋ ತಂದೆಯ ಜೊತೆ ಬಸ್ಸಿನಲ್ಲಿ ಬಂದು ಯಾದಗಿರಿ ಪ್ಲಾಟ್‌ಫಾರಂನಲ್ಲಿ ನಿಲ್ಲುವ ಮಗುವಿಗೆ ಡೀಸೆಲ್ ಎಂಜಿನ್ ಎದೆಗೆ ತಾಕುತ್ತಿದ್ದುದು ಹೇಗೆಂದು ತಿಳಿಯದು. ಆ ಮಗು ಬೆಳೆದು ಕೇಳಿದಾಗ ಮೇಜಿನ ಮೇಲೆ ಒಂದು ಗೇಣುದ್ದದ ಎಂಜಿನ್ ಇಟ್ಟು, ಒಂದು ಮೀಟರನ್ನು ಒಂದು ನಿಮಿಷದಲ್ಲಿ ದಾಟಿಸಿ, ಮೊದಲು ಗುಡುಗಿಸಿ ಆಮೇಲೆ ಕದಲಿಸಿ ತೋರಿಸಲು ಸಾಧ್ಯವಾದರೆ ಅದಕ್ಕೆ ತೆತ್ತ ಹಣ ವ್ಯರ್ಥವಾಗಲಿಲ್ಲ ಎನ್ನಬಹುದು.